ಸಾಹೇಬನ ಕಣ್ಣಿಗೆ ಬಂದ ಪೊರೆ

ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು, ಪಿತ್ತಕೋಶವನ್ನು ಅಲ್ಲೇ ಬಿಟ್ಟು ಮನೆಗೆ ಬಂದ ಅಕ್ಕ ಹೊಸಿಲು ದಾಟಿದವಳೇ ಮೊದಲು ನೋಡಿದ್ದು ತನಗಾಗಿ ಹಾಸಿಟ್ಟ ಮಂಚವನ್ನಲ್ಲ, ನಡುಮನೆಯ ಗೋಡೆಯುದ್ದಕ್ಕೂ ಇದ್ದ ಉಪ್ಪುನೀರಿನ ಟ್ಯಾಂಕನ್ನು. ಅದರೊಳಗೆ ಸಾಹೇಬನಿದ್ದ. ಸಾಹೇಬ ಅಂದರೆ ಅಂಗೈಯಗಲದ ಸಮುದ್ರದ ಮೀನು. ಕಂದು ಮೈಮೇಲೆ ನೀಲಿ ಗೆರೆ, ಬಿಳಿ ಬಾಲ, ಇಡೀ ಸಮುದ್ರ ತನ್ನಪ್ಪನದು ಎಂಬ ನಡಿಗೆ. ಆ ಗತ್ತು ನೋಡಿಯೇ ಹೆಸರು ಬಿದ್ದಿತ್ತು. ಆರು ವರ್ಷದಿಂದ ಅಕ್ಕ ಹತ್ತಿರ ಬಂದರೆ ಸಾಕು, ಎಲ್ಲಿದ್ದರೂ ಬಂದು ಗಾಜಿಗೆ ಮೂತಿ ಒತ್ತುತ್ತಿದ್ದ. ಅವಳ ಬೆರಳ ತುದಿಯಿಂದ ಬಿಟ್ಟರೆ ಬೇರೆಯವರ ಕೈಯಿಂದ ತಿಂದವನಲ್ಲ.

ಅವತ್ತು ಸಾಹೇಬ ಒಂದೇ ಕಣ್ಣಲ್ಲಿ ಅವಳನ್ನು ನೋಡಿದ. ವಿಳಾಸ ತಪ್ಪಿ ಬಂದವರನ್ನು ನೋಡುವ ಹಾಗೆ ನೋಡಿ, ಹವಳದ ಕಲ್ಲಿನ ಹಿಂದೆ ಸರಿದುಹೋದ. ಅಷ್ಟರಲ್ಲಿ ಅಡುಗೆಮನೆಯಿಂದ ತಂಗಿ ಕೈ ಒರೆಸಿಕೊಳ್ಳುತ್ತಾ ಬಂದಳು. ಒರೆಸಿಕೊಳ್ಳುತ್ತಿದ್ದದ್ದು ಅಕ್ಕನ ಹಸಿರು ಏಪ್ರನ್ನಿಗೆ. ಸಾಹೇಬ ಬಾಣದ ಹಾಗೆ ಬಂದು ಗಾಜಿಗೆ ಮೂತಿ ಒತ್ತಿದ, ಆ ಕಡೆ ಈ ಕಡೆ ತೂಗಾಡಿದ, ಬಾಯಿ ತೆರೆದ.

"ನೋಡು ಅಕ್ಕ, ಹೇಗಿದ್ದಾನೆ ನಿನ್ನ ಸಾಹೇಬ! ಮೊದಲ ನಾಲ್ಕು ದಿನ ಏನೂ ಮುಟ್ಟಲಿಲ್ಲ. ನಂಗೆ ಕೈಕಾಲೇ ಆಡ್ಲಿಲ್ಲ. ಆಮೇಲೆ ಏನಾಯ್ತು ಅಂದ್ರೆ..."

"ಆಮೇಲೆ ನಿನ್ನ ಕೈರುಚಿ ಹತ್ತಿತು. ಗೊತ್ತಾಯ್ತು ಬಿಡು," ಅಂದಳು ಅಕ್ಕ.

ತಂಗಿಯ ಮಾತನ್ನು ಮುಗಿಸಲು ಬಿಟ್ಟಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹೊಟ್ಟೆಕಿಚ್ಚಿಗೆ ಬಾಯಿ ಇರುವಷ್ಟು ಕಿವಿ ಇರುವುದಿಲ್ಲ. ಅಕ್ಕನಿಗೆ ಹೊಲಿಗೆ ಹಾಕಿದ ಜಾಗಕ್ಕಿಂತ ಮೂರು ಬೆರಳು ಮೇಲೆ ಏನೋ ಚುರ್ ಅಂದಿತು. ಅದು ಆಪರೇಷನ್ನಿನ ನೋವಲ್ಲ ಎಂಬುದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು, ಯಾಕೆಂದರೆ ಆ ನೋವಿಗೆ ನಲವತ್ತು ವರ್ಷ ವಯಸ್ಸಾಗಿತ್ತು.

ತಂಗಿ ಹುಟ್ಟಿದ ದಿನದಿಂದ ಅಕ್ಕನ ಪಾಲಿಗೆ ಬಂದದ್ದೆಲ್ಲ ಅರ್ಧ ದಾರಿಯಲ್ಲಿ ಆ ಕಡೆ ತಿರುಗಿದ್ದೇ ಹೆಚ್ಚು. ಕೋಟಿನೊಳಗೆ ಬಚ್ಚಿಟ್ಟುಕೊಂಡು ನಾಯಿಮರಿ ತಂದವಳು ಅಕ್ಕ. ಅದು ಮಲಗಿದ್ದು ತಂಗಿಯ ಕಾಲ ಮೇಲೆ. ಬೆಕ್ಕಿಗೆ ಹಾಲು ಹಾಕಿದವಳು ಅಕ್ಕ. ಅದು ಮೈ ಉಜ್ಜಿದ್ದು ತಂಗಿಗೆ. ಅಮ್ಮ ಇಬ್ಬರ ನಡುವೆ ಮಲಗಿದರೂ ಮುಖ ಮಾತ್ರ ತಂಗಿಯ ಕಡೆಗೇ ಇರುತ್ತಿತ್ತು. ಹಾಗಂತ ತಂಗಿ ಯಾರನ್ನೂ ಕರೆದವಳಲ್ಲ. ಅದೇ ಅಕ್ಕನಿಗೆ ಇನ್ನೂ ಉರಿ. ಕರೆದು ಒಲಿಸಿಕೊಂಡಿದ್ದರೆ ಜಗಳವಾಡಬಹುದಿತ್ತು. ಈಗಲೂ ನೋಡಿ, ಅಕ್ಕ ಕನ್ನಡಕದ ಅಂಗಡಿ ಇಟ್ಟು, ಕಾಲು ನಂಬರು ಹೆಚ್ಚುಕಮ್ಮಿಯಾಗದಂತೆ ಊರಿನವರ ದೃಷ್ಟಿ ಅಳೆಯುತ್ತಾಳೆ; ಜನ ಕನ್ನಡಕ ತೆಗೆದುಕೊಂಡು ನೆಟ್ಟಗೆ ಹೋಗುತ್ತಾರೆ. ತಂಗಿ ಶಿಶುವಿಹಾರದ ಮಿಸ್ಸು. ಬೀದಿಯಲ್ಲಿ ಹೋದರೆ ಮೂವತ್ತು ಮಕ್ಕಳು ಮೊಣಕಾಲಿಗೆ ಜೋತುಬೀಳುತ್ತವೆ.

ಅಕ್ಕ ಸಮುದ್ರದ ಮೀನು ಸಾಕಿದ್ದರ ಹಿಂದೆ ಈ ಲೆಕ್ಕಾಚಾರವೂ ಇತ್ತು ಅಂದರೆ ಸುಳ್ಳಲ್ಲ. ಮೀನನ್ನು ತಬ್ಬಿಕೊಳ್ಳಲಾಗುವುದಿಲ್ಲ, ಮುದ್ದು ಮಾಡಲಾಗುವುದಿಲ್ಲ. ನೀರಿನ ಬಿಸಿ, ಉಪ್ಪಿನ ಅಂಶ, ಬೆಳಕು ಎಲ್ಲ ಅಳತೆಯಲ್ಲಿರಬೇಕು. ಅಳತೆಯಲ್ಲಿ ಅಕ್ಕನದು ಎತ್ತಿದ ಕೈ. ಇಲ್ಲಿಯಾದರೂ ತಂಗಿಯ ಆಟ ನಡೆಯುವುದಿಲ್ಲ ಎಂದುಕೊಂಡಿದ್ದಳು. ಹನ್ನೊಂದೇ ದಿನ ಸಾಕಾಯಿತು.

ಹೊಲಿಗೆ ಮಾಗುವ ತನಕ ತಂಗಿ ಇಲ್ಲೇ ಇರುವುದೆಂದು ಮಾತಾಗಿತ್ತು. ಎರಡು ಬಸ್ಸು ಬದಲಾಯಿಸಿ ಶಿಶುವಿಹಾರಕ್ಕೆ ಹೋಗಿ ಸಂಜೆ ಬರುತ್ತಿದ್ದಳು. ಬಂದವಳೇ ಗೂಟದಿಂದ ಹಸಿರು ಏಪ್ರನ್ ತೆಗೆದು ಹಾಕಿಕೊಂಡು ಅಡುಗೆ, ಪಾತ್ರೆ, ಟ್ಯಾಂಕು. ಆ ಏಪ್ರನ್ ಅಕ್ಕ ತಾನೇ ಹೊಲಿದುಕೊಂಡದ್ದು, ಉಪ್ಪುನೀರು ಸಿಡಿದು ಬಟ್ಟೆ ಹಾಳಾಗದಿರಲಿ ಎಂದು. ಈಗ ಅದರ ಲಾಡಿ ಸರಿಯಾಗಿ ಹೊಲಿಗೆಯ ಮೇಲೆ ಬರುತ್ತದೆ, ಆದ್ದರಿಂದ ಅವಳು ಹಾಕಿಕೊಳ್ಳುವ ಹಾಗಿರಲಿಲ್ಲ. ಸಡಿಲವಾದ ಬಿಳಿ ನಿಲುವಂಗಿಯಲ್ಲಿ ಕುರ್ಚಿ ಎಳೆದುಕೊಂಡು ಕೂತು, ಸೀಗಡಿಯ ಚೂರನ್ನು ಬೆರಳ ತುದಿಯಲ್ಲಿ ಹಿಡಿದು ನೀರಿಗೆ ಇಳಿಸುತ್ತಿದ್ದಳು. ಸಾಹೇಬ ಬರುತ್ತಿರಲಿಲ್ಲ. ತಂಗಿ ಬಂದು ನಿಂತರೆ ಬರುತ್ತಿದ್ದ. ನೀರಿಗೆ ಇಳಿದ ಚೂರನ್ನು ಜೊತೆಗಿದ್ದ ಎರಡು ಕಿತ್ತಳೆ ಮೀನುಗಳು ಕಿತ್ತುಕೊಂಡು ಹೋಗುತ್ತಿದ್ದವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಇಲ್ಲಿ ತುತ್ತು ಕೊಡುವವಳ ಪಾಡು ಅದಾಗಿತ್ತು.

"ನನ್ನ ಏಪ್ರನ್ ಹೋಯ್ತು, ನನ್ನ ಮೀನು ಹೋಯ್ತು. ಇನ್ನು ಗಂಡ ಒಬ್ಬ ಬಾಕಿ," ಅಂದಳು ಅಕ್ಕ ಒಂದು ಸಂಜೆ.

ಅವಳ ಗಂಡ ಲಿಫ್ಟ್ ರಿಪೇರಿಯವನು. ಎರಡು ಮಹಡಿಯ ನಡುವೆ ಸಿಕ್ಕಿಕೊಂಡವರನ್ನು ಸಮಾಧಾನ ಮಾಡಿ ಅಭ್ಯಾಸ. "ನನ್ನನ್ನ ಯಾರು ತಗೋತಾರೆ ಮಾರಾಯ್ತಿ, ವಾರಂಟಿ ಮುಗಿದು ಎಷ್ಟು ವರ್ಷ ಆಯ್ತು," ಅಂದ. ತಂಗಿ ಬಿದ್ದು ಬಿದ್ದು ನಕ್ಕಳು. ನಗುವ ಸದ್ದಿಗೆ ಸಾಹೇಬ ಅವಳ ಕಡೆ ತಿರುಗಿದ ಹಾಗೆ ಅಕ್ಕನಿಗೆ ಕಂಡಿತು. ಪಿತ್ತಕೋಶ ತೆಗೆದರೂ ಪಿತ್ತ ನೆತ್ತಿಗೇರುವುದಕ್ಕೆ ಏನೂ ಅಡ್ಡಿಯಾಗಲಿಲ್ಲ.

ಮಂಗಳವಾರ ಅಂಗಡಿ ನೋಡಿ ಬರುತ್ತೇನೆಂದು ಅಕ್ಕ ಆಟೋ ಹತ್ತಿದಳು. ಕನ್ನಡಕದ ಅಂಗಡಿಯಿಂದ ನಾಲ್ಕನೆಯದೇ ಮೀನಿನ ಅಂಗಡಿ. ಅಲ್ಲಿ ಒಂದು ಹಳದಿ ಮೀನಿತ್ತು, ಹೆಬ್ಬೆರಳಿನಷ್ಟು. ಅಕ್ಕನನ್ನು ನೋಡಿ ಕತ್ತು ಹೊರಳಿಸಿದ ಹಾಗಿತ್ತು. ಇನ್ನೂ ಯಾರ ಮನೆಗೂ ಹೋಗದ ಮೀನು, ಯಾರ ಕೈಯನ್ನೂ ಕಾಣದ ಮೀನು. ಮೊದಲ ದಿನದಿಂದ ನನ್ನದೊಂದೇ ಮುಖ ನೋಡಿ ಬೆಳೆದರೆ ಆಗ ನೋಡೋಣ ಎಂದುಕೊಂಡಳು. ನೀರು ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಅದನ್ನು ಕಟ್ಟಿಸಿ ಮಡಿಲಲ್ಲಿಟ್ಟುಕೊಂಡು ಮನೆಗೆ ಬಂದಳು.

ಇಲ್ಲಿ ಒಂದು ಮಾತು ಹೇಳಲೇಬೇಕು. ಹೊಸ ಮೀನು ಯಾವುದೇ ಬರಲಿ, ನಾಲ್ಕು ವಾರ ಪ್ರತ್ಯೇಕ ತೊಟ್ಟಿಯಲ್ಲಿ ಇಡಬೇಕು, ಕಾಯಿಲೆ ಇಲ್ಲವೆಂದು ಖಾತ್ರಿಯಾದ ಮೇಲೇ ದೊಡ್ಡ ಟ್ಯಾಂಕಿಗೆ ಬಿಡಬೇಕು. ಈ ನಿಯಮವನ್ನು ಮೀನು ಸಾಕುವ ಊರವರಿಗೆಲ್ಲ ಫೋನಿನಲ್ಲಿ ಬೈದು ಬೈದು ಕಲಿಸಿದವಳೇ ಅಕ್ಕ. ಹಿಂದಿನ ಕೋಣೆಯಲ್ಲಿ ಅದಕ್ಕೆಂದೇ ಒಂದು ಸಣ್ಣ ತೊಟ್ಟಿ ಸದಾ ಸಿದ್ಧವಿರುತ್ತಿತ್ತು. ಆದರೆ ನಾಲ್ಕು ವಾರ ಹಿಂದಿನ ಕೋಣೆಯಲ್ಲಿಟ್ಟರೆ ತಂಗಿ ನೋಡುತ್ತಾಳೆ. ನೋಡಿದರೆ ಮಾತಾಡಿಸುತ್ತಾಳೆ. ಮಾತಾಡಿಸಿದರೆ ಮುಗಿಯಿತು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ತಂಗಿ ಶಿಶುವಿಹಾರದಿಂದ ಬರುವ ಮೊದಲೇ ಅಕ್ಕ ಹಳದಿ ಮೀನನ್ನು ನೇರವಾಗಿ ದೊಡ್ಡ ಟ್ಯಾಂಕಿಗೆ ಬಿಟ್ಟಳು. ಅದು ಒಂದು ಸುತ್ತೂ ಹಾಕದೆ ಕಲ್ಲಿನ ಸಂದಿಗೆ ನುಗ್ಗಿತು, ಮತ್ತೆ ಹೊರಗೆ ಬರಲೇ ಇಲ್ಲ. ಮೂರು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಕೊನೆಗೆ ಸತ್ತೇ ಹೋಯಿತೇನೋ ಎಂದು ಸುಮ್ಮನಾದಳು.

ಟ್ಯಾಂಕಿನ ಪಕ್ಕದಲ್ಲಿ ದಾರ ಕಟ್ಟಿ ತೂಗುಹಾಕಿದ ಒಂದು ನೋಟುಪುಸ್ತಕವಿತ್ತು. ನೀರಿನ ಬಿಸಿ ಎಷ್ಟು, ಯಾರು ಏನು ತಿಂದರು, ಏನು ಬದಲಾಯಿಸಿದೆವು, ಎಲ್ಲವೂ ಅದರಲ್ಲಿ. ಟ್ಯೂಬ್‌ಲೈಟು ಬದಲಾಯಿಸಿದರೂ ಬರೆಯುತ್ತಿದ್ದಳು ಅಕ್ಕ. ಹಳದಿ ಮೀನಿನ ವಿಷಯ ಮಾತ್ರ ಬರೆಯಲಿಲ್ಲ. ಬಗ್ಗಿ ಥರ್ಮಾಮೀಟರ್ ನೋಡಲಾಗದ್ದರಿಂದ ಆ ದಿನಗಳಲ್ಲಿ ಪುಸ್ತಕ ತಂಗಿಯ ಕೈಯಲ್ಲೇ ಇತ್ತು. ತಂಗಿಯ ಕೋಳಿಕಾಲಿನ ಅಕ್ಷರ ನೋಡುವುದು ಬೇಡವೆಂದು ಅಕ್ಕ ಅದನ್ನು ತೆರೆಯಲೂ ಇಲ್ಲ.

ಹದಿನೆಂಟು ದಿನದ ಮೇಲೆ, ಶನಿವಾರ ಬೆಳಿಗ್ಗೆ, ತಂಗಿಯೇ ಕರೆದಳು.

"ಅಕ್ಕ, ಸಾಹೇಬ ಯಾಕೋ ಮೈನ ಕಲ್ಲಿಗೆ ಉಜ್ಕೊಳ್ತಿದ್ದಾನೆ. ತಿನ್ನೋಕೂ ಬರ್ತಿಲ್ಲ. ಕಣ್ಣು ನೋಡು."

ಅಕ್ಕ ನೋಡಿದಳು. ಉಸಿರಾಟ ಜೋರಾಗಿತ್ತು, ಕಿವಿರು ಪಟಪಟ ಬಡಿಯುತ್ತಿತ್ತು. ಬಲಗಣ್ಣಿನ ಮೇಲೆ ತೆಳುವಾದ ಬಿಳಿ ಪೊರೆ. ನಿಜ ಹೇಳಬೇಕೆಂದರೆ ಅವಳ ಮನಸ್ಸಿನಲ್ಲಿ ಮೊದಲು ಬಂದದ್ದು ಭಯವಲ್ಲ. ನನ್ನ ಬಳಿಗೂ ಬರುತ್ತಿರಲಿಲ್ಲ, ಈಗ ಇವಳ ಬಳಿಗೂ ಬರುತ್ತಿಲ್ಲ ಎಂಬ ಸಣ್ಣ ಸಮಾಧಾನ. ಭಯ ಅದರ ಬೆನ್ನಿಗೇ ಬಂತು.

ರೆಕ್ಕೆಯ ಮೇಲೆ ನಾಲ್ಕೈದು ಬಿಳಿ ಚುಕ್ಕೆಗಳೂ ಇದ್ದವು. "ಬಿಳಿ ಚುಕ್ಕೆ ರೋಗ," ಅಂದಳು ಅಕ್ಕ, ಚೀಟಿ ಬರೆದುಕೊಟ್ಟ ಡಾಕ್ಟರ ಹಾಗೆ. ಅದಕ್ಕೆ ಮದ್ದು ತಾಮ್ರದ ದ್ರಾವಣ. ದೊಡ್ಡ ಟ್ಯಾಂಕಿಗೆ ತಾಮ್ರ ಹಾಕಿದರೆ ಅಲ್ಲಿ ಸಾಕಿದ ಹವಳವೂ ಸೀಗಡಿಯೂ ಸಾಯುತ್ತವೆ, ಆದ್ದರಿಂದ ಸಾಹೇಬನನ್ನು ಬಲೆಯಲ್ಲಿ ಹಿಡಿದು ಹಿಂದಿನ ಕೋಣೆಯ ಸಣ್ಣ ತೊಟ್ಟಿಗೆ ಹಾಕಿದರು. ಹಿಡಿದವಳು ತಂಗಿ. ಅಕ್ಕ ಹನಿ ಲೆಕ್ಕ ಹಾಕಿ ಔಷಧಿ ಬಿಟ್ಟಳು.

"ಬಿಳಿ ಚುಕ್ಕೆಗೆ ಕಣ್ಣಲ್ಲಿ ಪೊರೆ ಬರುತ್ತಾ ಅಕ್ಕ?" ತಂಗಿ ಕೇಳಿದಳು.

"ನೀನು ಯಾವಾಗ ಮೀನಿನ ಡಾಕ್ಟ್ರಾದೆ?"

"ಅಲ್ಲ, ಸುಮ್ಮನೆ ಕೇಳ್ದೆ. ಟ್ಯಾಂಕಿಗೆ ಹೊಸದೇನಾದ್ರೂ ಹಾಕಿದ್ಯಾ ಅಂತ..."

"ನಾನಾ?" ಅಕ್ಕನ ದನಿ ಮಾಡು ಮುಟ್ಟಿತು. "ನಾಲ್ಕು ವಾರದ ನಿಯಮ ಮಾಡಿದೋಳು ನಾನು. ನಂಗೇ ಪಾಠ ಹೇಳ್ತೀಯಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು ಆ ಉತ್ತರ. ತಂಗಿ ಅವಳ ಮುಖವನ್ನು ಒಂದು ಕ್ಷಣ ನೋಡಿದಳು. ಆಮೇಲೆ ಬಲೆ ತೊಳೆಯಲು ಹೋದಳು.

ಆರು ದಿನ ತಾಮ್ರದಲ್ಲಿಟ್ಟರೂ ಸಾಹೇಬ ಏಳಲಿಲ್ಲ. ಎಡಗಣ್ಣಿಗೂ ಪೊರೆ ಬಂತು. ತಳದಲ್ಲಿ ಓರೆಯಾಗಿ ನಿಲ್ಲತೊಡಗಿದ. ಬಣ್ಣ ಮಾಸಿ, ನೀಲಿ ಗೆರೆಗಳು ಹಳೆಯ ಸೀರೆಯ ಅಂಚಿನಂತಾದವು. ಶುಕ್ರವಾರ ಸಂಜೆ ಅಕ್ಕನಿಗೆ ತಡೆಯಲಾಗಲಿಲ್ಲ. ಒಳಗೆ ಕೊರೆಯುತ್ತಿದ್ದದ್ದನ್ನು ನುಂಗಲೂ ಆಗದೆ ಉಗುಳಲೂ ಆಗದೆ ಇದ್ದವಳು ಅದನ್ನು ಇನ್ನೊಬ್ಬರ ತಟ್ಟೆಗೆ ಬಡಿಸಿದಳು.

"ಮಾರ್ಕೆಟ್ಟಿನ ಹಸಿ ಸೀಗಡಿ ತಂದು ತಿನ್ನಿಸಿದ್ಯಲ್ಲ, ನಾನು ಆಸ್ಪತ್ರೆಯಲ್ಲಿದ್ದಾಗ. ಅದರಿಂದಲೇ ಬಂದಿದ್ದು ಇದು. ಆರು ವರ್ಷ ನಾನು ಒಂದು ಚುಕ್ಕೆ ಬೀಳದ ಹಾಗೆ ಸಾಕ್ದೆ. ನೀನು ಹನ್ನೊಂದು ದಿನದಲ್ಲಿ ಮುಗಿಸಿದೆ. ಎಲ್ಲರೂ ನಿನ್ನ ಹಿಂದೆ ಬರ್ಬೇಕು ನಿಂಗೆ, ಅಲ್ವಾ? ಬಂದೋರು ಏನಾಗ್ತಾರೆ ನೋಡು."

ಗಂಡ ಪೇಪರು ಕೆಳಗಿಟ್ಟ. "ಏನು ಮಾತು ಅಂತ ಆಡ್ತೀಯಾ," ಅಂದ.

ತಂಗಿ ಅಳಲಿಲ್ಲ, ಎದುರಾಡಲೂ ಇಲ್ಲ. "ಇರಬಹುದು ಅಕ್ಕ. ತಪ್ಪಾಗಿದೆ ನಂದು," ಅಂದಳು. ಬೆಳಿಗ್ಗೆ ಬಟ್ಟೆ ಚೀಲಕ್ಕೆ ತುಂಬಿಕೊಂಡು, ಏಪ್ರನ್ ಒಗೆದು ಮಡಿಸಿಟ್ಟು, ಭಾವನಿಗೆ ಅಕ್ಕನ ಮಾತ್ರೆಗಳ ಹೊತ್ತನ್ನು ಎರಡು ಸಲ ಹೇಳಿ ಹೊರಟುಹೋದಳು. ಗೆದ್ದ ಅಕ್ಕನಿಗೆ ಮನೆ ಬಿಕೋ ಅನ್ನತೊಡಗಿತು.

ಬುಧವಾರ ಸಾಹೇಬ ಮಗುಚಿಬೀಳುವ ಹಂತಕ್ಕೆ ಬಂದ. ತಾಮ್ರ ಶುರುಮಾಡಿ ಹನ್ನೊಂದು ದಿನವಾಗಿತ್ತು. ಬಿಳಿ ಚುಕ್ಕೆಯೇ ಆಗಿದ್ದರೆ ಇಷ್ಟರಲ್ಲಿ ಸ್ವಲ್ಪವಾದರೂ ತಿರುಗಬೇಕಿತ್ತು. ಅಕ್ಕ ಅಂಗಡಿಗೆ ಹೋಗಲಿಲ್ಲ. ರೋಗ ಹಿಡಿಯಬೇಕಾದರೆ ಮೊದಲ ಲಕ್ಷಣ ಯಾವತ್ತು ಕಂಡಿತು, ಅದಕ್ಕೆ ಮೊದಲು ಏನು ಬದಲಾಯಿತು, ಅದನ್ನು ನೋಡಬೇಕು. ಫೋನು ಮಾಡಿದವರಿಗೆಲ್ಲ "ಮೊದಲು ಪುಸ್ತಕ ತೆಗೀರಿ" ಎಂದು ಹೇಳುವವಳು ಅವಳೇ ತಾನೇ. ಬೇರೆ ದಾರಿಯಿಲ್ಲದೆ ದಾರ ಬಿಚ್ಚಿ ನೋಟುಪುಸ್ತಕ ತೆಗೆದಳು. ಆಸ್ಪತ್ರೆಗೆ ಹೋದ ದಿನದಿಂದ ಶುರುಮಾಡಿದಳು.

"ಸೋಮವಾರ. ಬಿಸಿ 26. ಸಾಹೇಬ ತಿನ್ನಲಿಲ್ಲ.

ಮಂಗಳವಾರ. 26. ತಿನ್ನಲಿಲ್ಲ. ಬಾಗಿಲ ಕಡೆಯ ಮೂಲೆ ಬಿಟ್ಟು ಕದಲುತ್ತಿಲ್ಲ.

ಬುಧವಾರ. 26. ಸೀಗಡಿ ಕೊಚ್ಚಿ ಬೆಳ್ಳುಳ್ಳಿ ರಸ ಹಚ್ಚಿ ಕೊಟ್ಟೆ. ಮೂಸಿ ಬಿಟ್ಟ.

ಗುರುವಾರ. 25. ತಿನ್ನಲಿಲ್ಲ. ಅಕ್ಕನಿಗೆ ಹೇಳಬೇಡಿ ಅಂತ ಭಾವನಿಗೆ ಹೇಳಿದೆ.

ಶುಕ್ರವಾರ. 26. ನಮ್ಮ ಮಕ್ಕಳು ಊಟ ಬಿಟ್ಟರೆ ಅವರಮ್ಮನ ಶಾಲು ಹೊದ್ದುಕೊಂಡು ತಿನ್ನಿಸುತ್ತೇವೆ. ನೆನಪಾಯಿತು. ಅಕ್ಕನ ಹಸಿರು ಏಪ್ರನ್ ಹಾಕಿಕೊಂಡು ನಿಂತೆ. ಓಡಿ ಬಂದ. ಐದು ಚೂರು ತಿಂದ. ಪಾಪ, ಅಕ್ಕನೇ ಬಂದಳು ಅಂದುಕೊಂಡ."

ಅಕ್ಕ ಆ ಸಾಲನ್ನು ಮತ್ತೆ ಓದಿದಳು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದಳು. ಕೋಳಿಕಾಲಿನ ಅಕ್ಷರ ಬದಲಾಗಲಿಲ್ಲ. ಸಾಹೇಬ ಯಾರ ಕಡೆಗೂ ಹೋಗಿರಲಿಲ್ಲ. ಅಕ್ಕನ ದಾರಿ ಕಾಯುತ್ತಾ ಉಪವಾಸ ಕೂತಿದ್ದ, ಹಸಿರು ಬಟ್ಟೆಯನ್ನು ಅಕ್ಕ ಅಂದುಕೊಂಡಿದ್ದ. ಅಕ್ಕ ನಿಜವಾಗಿ ಬಂದಾಗ ಬಿಳಿ ನಿಲುವಂಗಿಯಲ್ಲಿ ಬಂದಿದ್ದಳು. ಇಷ್ಟು ದಿನ ಅವಳು ಹೊಟ್ಟೆ ಉರಿದುಕೊಂಡದ್ದು ತನ್ನ ಮೇಲೆ ತಾನೇ.

ಪುಟ ತಿರುವಿದಳು. ಅವಳು ಮನೆಗೆ ಬಂದ ಮೇಲೂ ತಂಗಿ ಒಂದು ದಿನ ಬಿಡದೆ ಬರೆದಿದ್ದಳು. ದಿನಕ್ಕೊಂದು ಗೆರೆ, ಒತ್ತೊತ್ತಾಗಿ. ಒಂದೇ ಒಂದು ಕಡೆ, ಆ ಮಂಗಳವಾರದ ಕೆಳಗೆ, ಒಂದು ಗೆರೆ ಖಾಲಿ ಬಿಟ್ಟಿತ್ತು. ಮರೆತು ಬಿಟ್ಟದ್ದಲ್ಲ, ಎಡತುದಿಯಲ್ಲಿ ಸಣ್ಣ ಚುಕ್ಕೆಯೊಂದನ್ನು ಇಟ್ಟು, ಮುಂದೆ ಬರೆಯದೆ ಬಿಟ್ಟಿದ್ದಳು.

ಅಕ್ಕ ಆ ಗೆರೆಯಿಂದ ಶನಿವಾರದ ತನಕ ಬೆರಳಿಟ್ಟು ಎಣಿಸಿದಳು. ಹದಿನೆಂಟು. ಮೊಟ್ಟೆ ಒಡೆಯಲು ಒಂದು ವಾರ, ಬೆಳೆದು ದೊಡ್ಡದಾಗಲು ಇನ್ನೊಂದು ವಾರ, ಮೂರನೆಯ ವಾರದಲ್ಲಿ ಮೈ ತುರಿಕೆ, ಕಣ್ಣಿಗೆ ಪೊರೆ. ಇದು ಬಿಳಿ ಚುಕ್ಕೆಯಲ್ಲ. ಮೀನಿನ ಚರ್ಮಕ್ಕೂ ಕಣ್ಣಿಗೂ ಅಂಟಿಕೊಂಡು ಅದನ್ನೇ ಮೇಯುವ ಚಪ್ಪಟೆ ಹುಳು. ಗಾಜಿನಷ್ಟು ಪಾರದರ್ಶಕ, ಬರಿಗಣ್ಣಿಗೆ ಕಾಣುವುದಿಲ್ಲ, ತಾಮ್ರಕ್ಕೆ ಜಗ್ಗುವುದಿಲ್ಲ. ಬೇರೆ ಯಾರಾದರೂ ಈ ಲಕ್ಷಣ ಹೇಳಿದ್ದರೆ ಎರಡೇ ನಿಮಿಷದಲ್ಲಿ ಹೆಸರು ಹೇಳಿಬಿಡುತ್ತಿದ್ದಳು. ಆದರೆ ಹುಳು ಅಂದರೆ ಹೊಸ ಮೀನು ಅನ್ನಬೇಕಾಗುತ್ತಿತ್ತು. ಹೊಸ ಮೀನು ಅಂದರೆ ತಂದವಳು ಯಾರು ಅನ್ನಬೇಕಾಗುತ್ತಿತ್ತು. ಊರಿಗೆಲ್ಲ ಕನ್ನಡಕ ಕೊಡುವವಳ ಕಣ್ಣಿಗೆ ಸಾಹೇಬನಿಗಿಂತ ಮೊದಲೇ ಪೊರೆ ಬಂದಿತ್ತು.

ಖಾತ್ರಿ ಮಾಡಿಕೊಳ್ಳಲು ಒಂದು ಉಪಾಯವಿದೆ. ಸಮುದ್ರದ ಮೀನನ್ನು ಐದು ನಿಮಿಷ ಸಿಹಿನೀರಿನಲ್ಲಿ ಅದ್ದಬೇಕು. ಮೀನು ತಡೆದುಕೊಳ್ಳುತ್ತದೆ, ಹುಳು ತಡೆದುಕೊಳ್ಳುವುದಿಲ್ಲ. ಅಕ್ಕ ಕಪ್ಪು ಬೇಸಿನ್ ಒಂದನ್ನು ತೊಳೆದಳು. ತಳ ಕಪ್ಪಗಿದ್ದರೆ ಬಿದ್ದದ್ದು ಕಾಣುತ್ತದೆ. ಕ್ಲೋರಿನ್ ಹೋಗಲೆಂದು ಇಟ್ಟಿದ್ದ ನೀರನ್ನು ತೊಟ್ಟಿಯ ನೀರಿನಷ್ಟೇ ಬೆಚ್ಚಗೆ ಮಾಡಿ, ಚಿಟಿಕೆ ಅಡುಗೆ ಸೋಡಾ ಕಲಸಿದಳು. ಗಂಡನನ್ನು ಕೆಲಸದಿಂದ ಕರೆಸಿ ಗಡಿಯಾರ ಹಿಡಿದು ನಿಲ್ಲಿಸಿದಳು. ಹೊಲಿಗೆಯ ಮೇಲೆ ಒಂದು ಕೈ ಇಟ್ಟುಕೊಂಡು, ಇನ್ನೊಂದು ಕೈಯಿಂದ ಸಾಹೇಬನನ್ನು ಎತ್ತಿ ಬೇಸಿನ್ನಿಗೆ ಬಿಟ್ಟಳು.

ಮೊದಲ ನಿಮಿಷ ಸಾಹೇಬ ಒದ್ದಾಡಿದ. "ತೆಗೆದುಬಿಡೋಣ್ವಾ?" ಅಂದ ಗಂಡ. "ಸುಮ್ಮನಿರಿ," ಅಂದಳು. ಎರಡನೇ ನಿಮಿಷಕ್ಕೆ ಪಕ್ಕಕ್ಕೆ ವಾಲಿದ. ಮೂರನೇ ನಿಮಿಷದಲ್ಲಿ, ಏನೂ ಇಲ್ಲದ ಮೈಮೇಲೆ, ಒಂದು ಬಿಳಿ ಚುಕ್ಕೆ ಮೂಡಿತು. ಇನ್ನೊಂದು. ಕಣ್ಣಿನ ಮೇಲೆ ಎರಡು. ಎಳ್ಳಿನ ಕಾಳಿನಷ್ಟೇ ಗಾತ್ರ. ಒಂದೊಂದಾಗಿ ಕಳಚಿಕೊಂಡು ಕಪ್ಪು ತಳಕ್ಕೆ ಉದುರತೊಡಗಿದವು. ಐದನೇ ನಿಮಿಷದಲ್ಲಿ ಸಾಹೇಬನನ್ನು ಎತ್ತಿ, ತಾಮ್ರವಿಲ್ಲದ ಹೊಸ ಉಪ್ಪುನೀರಿಗೆ ಬಿಟ್ಟಾಗ ಬೇಸಿನ್ನಿನ ತಳದಲ್ಲಿ ನಲವತ್ತಮೂರು ಕಾಳುಗಳಿದ್ದವು. ಅಕ್ಕ ಎಣಿಸಿದಳು. ಒಂದೊಂದೂ ತನ್ನ ಮಡಿಲಲ್ಲಿ ಕೂತು ಆಟೋದಲ್ಲಿ ಬಂದ ಹುಳುವಿನ ಸಂತಾನ.

"ಇಷ್ಟೊಂದು ಎಲ್ಲಿಂದ ಬಂತು?" ಗಂಡ ಕೇಳಿದ.

ಅಕ್ಕ ಹುಳು ಬೀಳಿಸುವ ಔಷಧಿಯನ್ನು ತೂಗಿ ಸಣ್ಣ ತೊಟ್ಟಿಗೆ ಹಾಕಿದಳು, ದೊಡ್ಡ ಟ್ಯಾಂಕಿಗೂ ಹಾಕಿದಳು. ಮೊಟ್ಟೆಗೆ ಔಷಧಿ ನಾಟುವುದಿಲ್ಲ, ಅವು ಒಡೆದ ಮೇಲೆ, ಒಂದು ವಾರ ಬಿಟ್ಟು, ಇನ್ನೊಮ್ಮೆ ಹಾಕಬೇಕು. ಇಷ್ಟನ್ನೂ ನೋಟುಪುಸ್ತಕದಲ್ಲಿ ಬರೆದಳು. ಖಾಲಿ ಗೆರೆಯ ಹತ್ತಿರ ಬಂದಾಗ ಪೆನ್ನು ಓಡಲಿಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ಶಿಶುವಿಹಾರಕ್ಕೆ ಫೋನು ಮಾಡಿದಳು. ಹಿಂದೆ ಮಕ್ಕಳ ಗದ್ದಲ, ತಟ್ಟೆಯ ಸದ್ದು.

"ಸಾಹೇಬ ಹೇಗಿದ್ದಾನೆ?" ಹಲೋ ಅನ್ನುವ ಮೊದಲೇ ಕೇಳಿದಳು ತಂಗಿ.

"ಹುಳು ಕಣೇ. ಬಿದ್ದಿವೆ. ಉಳೀಬಹುದು."

"ಅಬ್ಬಾ!"

"ಸೀಗಡಿಯಿಂದ ಅಲ್ಲ," ಅಂದಳು ಅಕ್ಕ. ಹಳದಿ ಮೀನಿನ ಮಾತೆತ್ತದೆ ಮುಂದುವರಿಸಿದಳು. "ಭಾನುವಾರ ಬಿಟ್ಟು ಮುಂದಿನ ಭಾನುವಾರ ಬಾ. ಅಷ್ಟರಲ್ಲಿ ದೊಡ್ಡ ಟ್ಯಾಂಕಿಗೆ ಬಿಟ್ಟಿರ್ತೀನಿ."

"ಬರ್ತೀನಿ ಅಕ್ಕ. ಇಡ್ಲಾ? ಇಲ್ಲೊಬ್ಬ ಊಟ ಬಿಟ್ಟು ಕೂತಿದ್ದಾನೆ." ಫೋನು ಕಟ್ಟಾಯಿತು.

ಎರಡನೇ ಸಲದ ಔಷಧಿಯೂ ಆಯಿತು. ಮೊದಲು ಎಡಗಣ್ಣು, ಆಮೇಲೆ ಬಲಗಣ್ಣು ತಿಳಿಯಾಯಿತು. ನೀಲಿ ಗೆರೆಗೆ ಬಣ್ಣ ಬಂತು. ಶನಿವಾರ ಸಾಹೇಬ ದೊಡ್ಡ ಟ್ಯಾಂಕಿಗೆ ಮರಳಿ, ತನ್ನಪ್ಪನ ಸಮುದ್ರ ಸರಿಯಾಗಿದೆಯೇ ಎಂದು ಮೂಲೆ ಮೂಲೆ ತಪಾಸಣೆ ಮಾಡಿದ. ಅಷ್ಟು ದಿನವೂ ಅಕ್ಕ ಪ್ರತಿದಿನ ಪುಸ್ತಕ ತೆರೆದು, ಆ ಗೆರೆ ನೋಡಿ, ಮುಚ್ಚುತ್ತಿದ್ದಳು. ಭಾನುವಾರ ಬೀದಿಯ ತುದಿಯಲ್ಲಿ ತಂಗಿಯ ಕೊಡೆ ಕಂಡಾಗ ಪೆನ್ನು ತೆಗೆದುಕೊಂಡು ಒಂದೇ ಉಸಿರಿಗೆ ಬರೆದಳು.

ತಂಗಿ ಒಳಗೆ ಬಂದು ನೇರ ಟ್ಯಾಂಕಿನ ಮುಂದೆ ಕೂತಳು. ಅವಳು ಕೂತು ಒಂದು ನಿಮಿಷವೂ ಆಗಿರಲಿಲ್ಲ, ಕಲ್ಲಿನ ಸಂದಿಯಿಂದ ಹಳದಿ ಮೂತಿಯೊಂದು ಇಣುಕಿತು. ಸತ್ತಿತೆಂದುಕೊಂಡ ಮೀನು ಪೂರ್ತಿ ಹೊರಬಂದು, ಮರಳಿನ ಮೇಲೆ ಕೂತು, ತಂಗಿಯನ್ನೇ ನೋಡತೊಡಗಿತು.

"ದರಿದ್ರದ್ದು!" ಅಂದಳು ಅಕ್ಕ. ತಡೆಯಲಾಗದೆ ಬಂದ ಮಾತು. ಆಮೇಲೆ ಪುಸ್ತಕವನ್ನು ತಂಗಿಯ ಮಡಿಲಿಗೆ ಹಾಕಿ ಕಿಟಕಿಯ ಕಡೆ ತಿರುಗಿ ನಿಂತಳು.

ತಂಗಿ ಓದಿದಳು, ಸಣ್ಣ ದನಿಯಲ್ಲಿ. "ಮಂಗಳವಾರ. ಹಳದಿ ಮೀನು ಒಂದು. ಪ್ರತ್ಯೇಕ ಇಡದೆ ನೇರ ಬಿಟ್ಟದ್ದು. ಬಿಟ್ಟವಳು ನಾನು. ಕಾರಣ, ಹೊಟ್ಟೆಕಿಚ್ಚು."

"ನಿಂಗೆ ಗೊತ್ತಿತ್ತು," ಅಂದಳು ಅಕ್ಕ ಕಿಟಕಿಗೆ.

"ಹೂಂ. ಅವತ್ತೇ ಕಸದ ಬುಟ್ಟೀಲಿ ಒದ್ದೆ ಚೀಲ ನೋಡ್ದೆ. ಅದ್ರ ಮೇಲೆ ಮೀನಂಗಡಿ ಹೆಸರಿತ್ತು. ಒಂದು ಬೆಳಿಗ್ಗೆ ಇದೂ ಇಣುಕಿತ್ತು. ಆದ್ರೆ ಅದ್ರಿಂದ ಸಾಹೇಬನಿಗೆ ಹೀಗಾಗತ್ತೆ ಅಂತ ನಂಗೆಲ್ಲಿ ಗೊತ್ತು. ಕೇಳ್ದೆ, ನೀನು ಬೈದೆ."

"ಹಾಗಾದ್ರೆ ನಾನು ನಿನ್ನ ಮೇಲೆ ಹಾಕ್ದಾಗ ಯಾಕೆ ಒಪ್ಕೊಂಡೆ? ನನ್ನ ಮುಖಕ್ಕೆ ಹೊಡೆದ ಹಾಗೆ ಹೇಳ್ಬಾರ್ದಿತ್ತಾ?"

"ಭಾವನ ಎದುರಿಗಾ?" ತಂಗಿ ಪುಸ್ತಕ ಮುಚ್ಚಿದಳು. "ಶಿಶುವಿಹಾರದಲ್ಲೂ ಹಾಗೇ ಅಕ್ಕ. ಲೋಟ ಒಡೆದೋರು ಯಾರು ಅಂತ ಕೇಳಿದ್ರೆ ಯಾರೂ ಬಾಯಿ ಬಿಡಲ್ಲ. ಪೊರಕೆ ಒಂದು ಅಲ್ಲಿಟ್ಟು ನಾವು ಆಚೆ ಹೋಗ್ಬೇಕು. ಒಡೆದೋರೇ ಬಂದು ಗುಡಿಸ್ತಾರೆ. ಅದಕ್ಕೇ ಒಂದು ಗೆರೆ ಬಿಟ್ಟಿದ್ದೆ."

ಅಕ್ಕನಿಗೆ ಅಳು ಬಂತು, ಅದರ ಜೊತೆಗೇ ಹಳೆಯ ಉರಿಯೂ ಬಂತು. ಥೂ ಇವಳ, ಒಳ್ಳೆಯತನದಲ್ಲೂ ಇವಳೇ ಮುಂದೆ.

"ನಿನ್ನ ಕಂಡ್ರೆ ನಂಗೆ ಹೊಟ್ಟೆಕಿಚ್ಚು ಕಣೇ. ನೀನು ಹುಟ್ಟಿದಾಗಿನಿಂದ."

"ಗೊತ್ತು," ಅಂದಳು ತಂಗಿ. "ಬಾ ಇಲ್ಲಿ, ತಿರುಗು."

ಗೂಟದಿಂದ ಹಸಿರು ಏಪ್ರನ್ ತೆಗೆದು ಅಕ್ಕನ ಕೊರಳಿಗೆ ಹಾಕಿದಳು. ಲಾಡಿ ಹೊಲಿಗೆಯ ಮೇಲೆ ಬರದ ಹಾಗೆ ಎತ್ತಿ, ಹಿಂದೆ ಸಡಿಲವಾಗಿ ಗಂಟು ಹಾಕಿದಳು. ಅಕ್ಕ ಸೀಗಡಿಯ ಚೂರು ಹಿಡಿದು ನೀರಿಗೆ ಕೈ ಇಳಿಸಿದಳು. ಸಾಹೇಬ ಹವಳದ ಹಿಂದಿನಿಂದ ಬಾಣದ ಹಾಗೆ ಬಂದು, ಬೆರಳನ್ನೂ ಸೇರಿಸಿ ಕಚ್ಚಿದ. ಐದು ಚೂರು ತಿಂದ. ಇದು ತನಗೋ ಏಪ್ರನ್ನಿಗೋ ಎಂಬ ಪ್ರಶ್ನೆ ಅಕ್ಕನ ತಲೆಯೊಳಗೆ ಇಣುಕಿತು, ಆದರೆ ಅವಳು ಅದನ್ನು ಹೊರಗೆ ಬಿಡಲಿಲ್ಲ.

ನಾಲ್ಕು ಗಂಟೆಗೆ ತಂಗಿ ಎದ್ದಳು. ಹೊರಡುವ ಮೊದಲು ತನ್ನ ಚೀಲದಿಂದ ಕೆಂಪು ಪೆನ್ನು ತೆಗೆದು, ಪುಸ್ತಕದ ಆ ಗೆರೆಯ ತುದಿಯಲ್ಲಿ ಒಂದು ನಕ್ಷತ್ರ ಬರೆದಳು. ನಿಜ ಹೇಳಿದ ಮಕ್ಕಳಿಗೆ ಬರೆಯುವಂಥದ್ದು, ಐದು ಮೂಲೆ, ಒಂದು ಮೂಲೆ ಸೊಟ್ಟ.

"ಇನ್ನೆರಡು ದಿನ ಇದ್ದು ಹೋಗೇ," ಅಂದಳು ಅಕ್ಕ. ನಲವತ್ತು ವರ್ಷದಲ್ಲಿ ಆ ಮಾತನ್ನು ಅವಳು ಆಡಿದ್ದು ಅದೇ ಮೊದಲು.

"ಆಗಲ್ಲ ಅಕ್ಕ. ನಾಳೆ ಮಕ್ಕಳು ಕಾಯ್ತಿರ್ತಾರೆ. ಆ ಊಟ ಬಿಟ್ಟೋನು ನಾನಿಲ್ದೆ ಒಂದು ತುತ್ತೂ ತಿನ್ನಲ್ಲ."

ಬೀದಿಯ ತಿರುವಿನಲ್ಲಿ ಕೊಡೆ ಮರೆಯಾಗುವ ತನಕ ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಹೊಲಿಗೆಯಿಂದ ಮೂರು ಬೆರಳು ಮೇಲೆ, ಅದೇ ಹಳೆಯ ಜಾಗದಲ್ಲಿ, ಚುರ್ ಅಂದಿತು. ಆ ಮೂವತ್ತು ಮಕ್ಕಳ ಮೇಲೆ ಅವಳಿಗೆ ಹೊಟ್ಟೆಕಿಚ್ಚಾಗುತ್ತಿತ್ತು.